ತಿಂಗಳ ದಿನಸಿಯೂ ಮನೆಯವಳ ಎಲೆಯೂ

ಸಂಸಾರದಲ್ಲಿ ಮಿತವ್ಯಯವನ್ನು ಕುರಿತು ಬರೆಯುವವರೆಲ್ಲರೂ ಸಾಮಾನ್ಯವಾಗಿ ಒಂದೇ ಉಪದೇಶವನ್ನು ಮಾಡುವುದುಂಟು. ತಿಂಗಳ ಮೊದಲಲ್ಲಿ ಪಟ್ಟಿಯನ್ನು ಬರೆದುಕೊಂಡು, ದಿನಸಿಯನ್ನು ಒಂದೇ ಸಲ ತಂದಿಟ್ಟು, ವಾರದ ಅಡಿಗೆಯನ್ನು ಮುಂಚಿತವಾಗಿಯೇ ಗೊತ್ತುಮಾಡಿಕೊಂಡರೆ ಹಣವು ಉಳಿಯುವುದೆಂದು ಅವರು ಹೇಳುತ್ತಾರೆ. ಉಪದೇಶವೇನೋ ಒಳ್ಳೆಯದೇ. ಆದರೆ ಅದು ತಿಂಗಳು ತಿಂಗಳಿಗೂ ತಪ್ಪದೆ ಸಂಬಳ ಬರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು. ನಮ್ಮ ಶಿವಮೊಗ್ಗೆಯಲ್ಲಿಯೂ ಭದ್ರಾವತಿಯಲ್ಲಿಯೂ ಅಂತಹ ಮನೆಗಳು ಎಷ್ಟಿವೆ ಎಂಬುದನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ಹಿಂದೆ ಬೆಂಕೀಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪೆನಿಯು ಸ್ಥಾಪಿತವಾಯಿತು. ಇವೆರಡರ ಆಶ್ರಯದಲ್ಲಿ ಬೆಳೆದ ಊರಿಗೆ ಸಂಬಳದ ದಿನವೇ ಪಂಚಾಂಗವಾಗಿದ್ದಿತು. ಅಂಗಡಿಯವನು ಉದ್ದರಿ ಕೊಡುತ್ತಿದ್ದುದೂ ಆ ದಿನವನ್ನು ನಂಬಿಯೇ. ಕಾಗದದ ಕಾರ್ಖಾನೆಯು 2015ರ ಸುಮಾರಿಗೆ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ ಹೊರಬಿದ್ದಾಗ, ಅಲ್ಲಿಯ ಗುತ್ತಿಗೆಯ ಕೆಲಸಗಾರರು ಅದಕ್ಕೆ ಮೊದಲೇ ತಿಂಗಳಿನ ಪೂರ್ಣ ದಿನಗಳ ಕೆಲಸವಿಲ್ಲದೆ ಬಳಲಿದ್ದರು. ಶಿವಮೊಗ್ಗೆಯ ಕಡೆಗೆ ಬಂದರೆ, ಅಡಕೆ ಸುಲಿಯುವ ಹೆಂಗಸರ ಕೂಲಿಯು ಸುಗ್ಗಿಗೆ ಕಟ್ಟುಬಿದ್ದದ್ದು. ಸುಗ್ಗಿ ಮುಗಿದರೆ ಕೂಲಿಯೂ ಮುಗಿಯಿತು. ಹೀಗೆ ದುಡಿಮೆಯೇ ಒಂದು ವಾರ ಇದ್ದು ಇನ್ನೊಂದು ವಾರ ಇಲ್ಲದಿರುವಾಗ, ಮೂವತ್ತು ದಿನದ ಪಟ್ಟಿಯನ್ನು ಬರೆಯೆಂದು ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು.

ಹಾಗೆಂದು ಲೆಕ್ಕವೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಲೆಕ್ಕವು ಬೇರೊಂದು ಕಡೆಯಿಂದ ಆರಂಭವಾಗಬೇಕೆಂಬುದೇ ನಮ್ಮ ವಾದ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ಒಬ್ಬರ ಒಂದು ದಿನದ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 300 ಮಿಲಿಲೀಟರ್ ಹಾಲು ಅಥವಾ ಮೊಸರು ಎಂದು ಒಂದು ಮಾದರಿಯನ್ನು ಕೊಟ್ಟಿದ್ದಾರೆ. ಮೈಮುರಿದು ದುಡಿಯುವವರಿಗೆ ಧಾನ್ಯವು ಇನ್ನೂ ಹೆಚ್ಚು ಬೇಕಾಗುವುದೆಂಬುದು ಸರಿ. ನಾಲ್ವರಿರುವ ಮನೆಗೆ ಇದನ್ನು ಹರಡಿ ನೋಡಿದರೆ, ತಿಂಗಳಿಗೆ 30 ಕಿಲೋ ಧಾನ್ಯವೂ 10 ಕಿಲೋಗಿಂತ ಸ್ವಲ್ಪ ಹೆಚ್ಚು ಬೇಳೆಕಾಳೂ ಆಗುತ್ತದೆ. ವಾಚಕಿಯರು ತಮ್ಮ ತಮ್ಮ ಡಬ್ಬಿಗಳನ್ನು ತೆರೆದು ನೋಡಲಿ. ಅಕ್ಕಿಯು ಮೂಟೆಯಲ್ಲಿರುತ್ತದೆ, ಬೇಳೆಯು ಮೂರು ಕಿಲೋ ದಾಟಿರುವ ಮನೆಗಳು ಬಹಳವಿರಲಾರವು.

ಅಕ್ಕಿಯ ಭಾರವನ್ನು ಸರಕಾರವು ಬಹುಮಟ್ಟಿಗೆ ಹೊತ್ತುಕೊಂಡಿದೆ. 2013ರ ಜುಲೈಯಲ್ಲಿ ಅನ್ನಭಾಗ್ಯವು ಆರಂಭವಾಯಿತು. 2023ರ ಜುಲೈಯಿಂದ ಹೆಚ್ಚಿನ 5 ಕಿಲೋ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿಯನ್ನು ಕೊಟ್ಟರು. 2025ರ ಫೆಬ್ರವರಿಯಿಂದ ಹಣದ ಬದಲು ಮರಳಿ ಅಕ್ಕಿಯನ್ನೇ ಕೊಡತೊಡಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸಚಿವ ಸಂಪುಟವು ಆ ಹೆಚ್ಚಿನ ಅಕ್ಕಿಯ ಸ್ಥಾನದಲ್ಲಿ ಬೇಳೆ, ಎಣ್ಣೆ ಮೊದಲಾದವುಗಳನ್ನು ಕೊಡಬೇಕೆಂದು ನಿಶ್ಚಯಿಸಿತು. ಈ ನಿಶ್ಚಯವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಬಡವರ ಮನೆಯಲ್ಲಿ ಕೊರತೆಯಿರುವುದು ಅನ್ನಕ್ಕಿಂತ ಅನ್ನದ ಜೊತೆಗೆ ಬರಬೇಕಾದುದಕ್ಕೆ. ಆದುದರಿಂದ ಕೈಗೆ ಬಂದ ಹಣದಲ್ಲಿ ಮೊದಲು ಕೊಳ್ಳತಕ್ಕುದು ಕಾಳು, ಆಮೇಲೆ ಸೊಪ್ಪು ಮತ್ತು ಹಾಲು. ಸೋನೆಮಸೂರಿಯ ಹೊಳಪಿಗೆ ಮಾರುಹೋಗಿ ಪಡಿತರದ ಅಕ್ಕಿಯನ್ನು ಮಾರಿ ಬೇರೆ ಅಕ್ಕಿಯನ್ನು ಕೊಳ್ಳುವವರ ಮಿತವ್ಯಯವು ನಮಗೆ ಅರ್ಥವಾಗಿಲ್ಲ.

ಈ ವಿಷಯದಲ್ಲಿ ನಮ್ಮ ಹಿಂದಿನವರ ಅಡಿಗೆಮನೆಯು ದಡ್ಡರದಾಗಿರಲಿಲ್ಲ. ಬಸ್ಸಾರನ್ನೇ ನೋಡಿರಿ. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಬಸಿದ ಕಟ್ಟಿಗೆ ಖಾರವನ್ನು ಸೇರಿಸಿದರೆ ಸಾರು. ಉಳಿದುದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಉರಿ, ಎರಡು ವ್ಯಂಜನ. ಬಸಿದ ನೀರಿನ ಸತ್ವವೂ ಚರಂಡಿಗೆ ಹೋಗುವುದಿಲ್ಲ. ಹುರುಳಿಯ ಕಟ್ಟಿನ ಸಾರಿಗೂ ಇದೇ ನ್ಯಾಯ. ತೊಗರಿಯ ಬೆಲೆ ಏರಿದ ತಿಂಗಳಲ್ಲಿ ಸಾಮಾನ್ಯವಾಗಿ ಹುರುಳಿ, ಅಲಸಂದೆಗಳು ಅಷ್ಟು ಏರಿರುವುದಿಲ್ಲವಾದುದರಿಂದ, ಪಟ್ಟಿಯಲ್ಲಿ "ತೊಗರಿಬೇಳೆ" ಎಂದು ಬರೆಯುವ ಬದಲು "ಕಾಳು" ಎಂದು ಬರೆದು, ಅಂಗಡಿಯಲ್ಲಿ ಬೆಲೆಯನ್ನು ನೋಡಿ ಆರಿಸುವುದು ಜಾಣತನ. ಮಲೆನಾಡಿನ ಸೆರಗಿನಲ್ಲಿರುವ ನಮಗೆ ಒಂದೆಲಗ, ಬಸಳೆ, ನುಗ್ಗೆ, ಕೆಸುವು ಇವು ಹಿತ್ತಲಿನಲ್ಲಿಯೇ ಬರುವಂಥವು. ಒಂದೆಲಗದ ತಂಬುಳಿಗೆ ಒಲೆಯನ್ನು ಹೊತ್ತಿಸುವ ಕೆಲಸವೂ ಹೆಚ್ಚಿಲ್ಲ. ಬಾಡಿಗೆ ಮನೆಗೆ ಹಿತ್ತಲೆಲ್ಲಿಯದೆಂದು ಕೇಳುವವರ ಪ್ರಶ್ನೆಯು ನ್ಯಾಯವಾದುದೇ. ಬಸಳೆಯ ಬಳ್ಳಿಯು ಹಳೆಯ ಡಬ್ಬದಲ್ಲಿಯೂ ಹಬ್ಬುವುದೆಂದು ಮಾತ್ರ ಅವರಿಗೆ ಹೇಳಬಲ್ಲೆವು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇವೆ. ಹಣವು ಕಡಿಮೆಬಿದ್ದಾಗ ಯಾವ ಖರ್ಚು ಮೊದಲು ಕಡಿತವಾಗುತ್ತದೆ ಎಂಬುದನ್ನು ಜಮಾಖರ್ಚಿನ ಪುಸ್ತಕವು ತೋರಿಸುವುದಿಲ್ಲ. ಯಜಮಾನರ ಊಟವು ಕಡಿಮೆಯಾಗದು. ಮಗನ ಮೊಟ್ಟೆಯೂ ತಪ್ಪದು. ಮನೆಯವಳು ಎಲ್ಲರಿಗೂ ಬಡಿಸಿ ಕಡೆಗೆ ಕುಳಿತಾಗ, ತಳದಲ್ಲಿ ಉಳಿದ ತಿಳಿಸಾರೇ ಅವಳ ಪಾಲು. ಇದನ್ನು ನೋಡುತ್ತ ಬೆಳೆದ ಮಗಳು ತನ್ನ ಲೋಟದ ಹಾಲನ್ನು ತಮ್ಮನಿಗೆ ಕೊಡುವುದನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತಾಳೆ. ನಾವು ಇದನ್ನು ತ್ಯಾಗವೆಂದು ಹೊಗಳುತ್ತ ಬಂದಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 47ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಕಬ್ಬಿಣವನ್ನು ಕರಗಿಸಿ ದೇಶಕ್ಕೆ ಕೊಟ್ಟ ಜಿಲ್ಲೆಯವರಾದ ನಾವು ನಮ್ಮ ಹೆಣ್ಣುಮಕ್ಕಳ ರಕ್ತಕ್ಕೆ ಬೇಕಾದ ಕಬ್ಬಿಣವನ್ನು ಒದಗಿಸಲಾರದೆ ಹೋದೆವೆಂದರೆ ಅದನ್ನು ಯಾವ ತ್ಯಾಗದ ಲೆಕ್ಕಕ್ಕೆ ಬರೆಯೋಣ? ಸೊಪ್ಪು ಕಾಳುಗಳ ಜೊತೆಗೆ ನಿಂಬೆಯ ರಸವನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಕಬ್ಬಿಣದ ಅಂಶವು ಮೈಗೆ ಹತ್ತುವುದು; ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾಗಳು ಅದನ್ನು ತಡೆಯುವುವು. ಇದನ್ನು ಆಚರಿಸಲು ಖರ್ಚಿಲ್ಲ.

ಮನೆಯವಳ ಪಾಲನ್ನೂ ಮೊದಲೇ ಅಳೆದು ಬೇರೆ ತೆಗೆದಿಡತಕ್ಕುದೆಂದು ನಾವು ಹೇಳಿದರೆ ಕೆಲವರು ನಗಬಹುದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿಯು ಮನೆಯೊಡತಿಯ ಹೆಸರಿಗೇ ಬರುವಂಥದು. ಅದರಲ್ಲಿ ಕಾಳಿಗೂ ಹಾಲಿಗೂ ಎಷ್ಟು ಸಲ್ಲಬೇಕೆಂಬುದನ್ನು ಅವಳೇ ನಿರ್ಣಯಿಸಲಿ. ಬೇರೆಯವರು ಆ ಹಣದ ಮೇಲೆ ಕಣ್ಣಿಡದಿದ್ದರೆ ಸಾಕು. ತಂದೆತಾಯಿಗಳಲ್ಲಿ ನಮ್ಮ ಇನ್ನೊಂದು ಅರಿಕೆಯಿದೆ. ಪೇಟೆಗೆ ಹೋಗಿ ತಕ್ಕಡಿಯನ್ನು ನೋಡುವುದನ್ನೂ ಬೆಲೆಯನ್ನು ಹೋಲಿಸುವುದನ್ನೂ ಅನ್ನಕ್ಕೆ ಎಷ್ಟು ಪಾವು ಅಕ್ಕಿ ಎಂಬುದನ್ನೂ ಮಗಳಿಗೆ ಕಲಿಸಿದಂತೆಯೇ ಮಗನಿಗೂ ಕಲಿಸಿರಿ. ಗೃಹಕೃತ್ಯದ ಪಾಠವು ಹೆಣ್ಣುಮಕ್ಕಳ ಶಾಲೆಗಳಲ್ಲಿಯೇ ನಿಂತುಹೋದುದರಿಂದ ಸಂಸಾರಗಳಿಗೆ ಅರ್ಧ ಲಾಭವೇ ದೊರೆತಿದೆ.

ದಿನಗೂಲಿಯ ಮನೆಗಳಿಗೆ ಸಣ್ಣ ಪೊಟ್ಟಣಗಳ ನಷ್ಟವು ತಪ್ಪದಲ್ಲ ಎಂದು ಕೇಳುವವರಿಗೆ ನಾವು ಸೂಚಿಸುವುದಿಷ್ಟು. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆಯು ಬಂದ ಮೇಲೆ ಕೇರಿಕೇರಿಗಳಲ್ಲಿ ಹೆಂಗಸರ ಸಂಘಗಳು ಹುಟ್ಟಿವೆ. ಈ ಸಂಘಗಳು ಸಾಲ ಕೊಡುವುದರ ಜೊತೆಗೆ, ಹತ್ತು ಮನೆಗಳ ಹೆಸರಿನಲ್ಲಿ ಒಂದು ಮೂಟೆ ಹುರುಳಿಯನ್ನೂ ಒಂದು ಮೂಟೆ ಕಡಲೆಯನ್ನೂ ಸಗಟಿನಲ್ಲಿ ಕೊಂಡು ಹಂಚಿಕೊಂಡು, ಹಣವನ್ನು ವಾರವಾರಕ್ಕೆ ಕಟ್ಟಿಸಿಕೊಳ್ಳಬಹುದು. ಇದನ್ನು ಮೇ ತಿಂಗಳೊಳಗಾಗಿ ಮಾಡಬೇಕು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕಾಳನ್ನು ಬಿಸಿಲಿಗೆ ಹಾಕಲು ಅಂಗಳವೂ ಸಿಕ್ಕದು, ಕೂಲಿಯೂ ಸಿಕ್ಕದು.