37 ನಿಮಿಷ ಸುಮ್ನ ಕೂತ್ರ ಮನಿ ಮುಳುಗೂದಿಲ್ಲ

ಮೊನ್ನೆ ಮಧ್ಯಾಹ್ನ ಮಗಳು ಫೋನಿನ್ಯಾಗ ಸಾಂಟಾನಾ ಬ್ಯಾಂಡಿನ 'ಅಬ್ರಾಕ್ಸಸ್' ಅನ್ನೋ ಆಲ್ಬಮ್ ಹಚ್ಚಿಕೊಟ್ಲು. 1970ರದ್ದು. "ಅವ್ವಾ, ಮೊದಲಿಂದ ಕೊನೀತನಕ ಕೇಳು" ಅಂದ್ಲು. ನಾನು ರೂಢಿ ಪ್ರಕಾರ ಮೆಂತ್ಯೆಪಲ್ಯೆದ ಸೂಡು ಹಿಡಕೊಂಡು ಸೋಸ್ಲಿಕ್ಕೆ ಕೂತೆ. ಅಷ್ಟರಾಗ ಬಾಜೂಮನಿ ವೈನಿ ಬಂದ್ರು. "ಅಯ್ಯ, ಈ ವಯಸ್ಸಿನ್ಯಾಗ ಇದೇನ್ ಗದ್ದಲಾರೀ? ತಿಳೀತದೇನು ನಿಮಗ?" ಅಂದ್ರು.

ವೈನಿ, ಸಿಟ್ಟಾಗಬ್ಯಾಡ್ರಿ, ಉತ್ತರ ಇಲ್ಲೇ ಬರೀತೀನಿ.

ಮೊದಲು ತಿಳಿಯೂದರ ಮಾತು. ಮಲ್ಲಿಕಾರ್ಜುನ ಮನ್ಸೂರರ ಖ್ಯಾಲಿನ್ಯಾಗ ಎಷ್ಟು ಶಬ್ದ ನಮಗ ತಿಳೀತಾವ? ಎರಡು ಸಾಲು ಹಿಡಕೊಂಡು ಅರ್ಧಾ ತಾಸು ಹಾಡಿದ್ರೂ ತಲಿ ದೂಗ್ತೀವಿ. ಈ ಆಲ್ಬಮ್ಮಿನ 'ಸಾಂಬಾ ಪಾ ತಿ'ಯೊಳಗಂತೂ ಮಾತೇ ಇಲ್ಲ. ಗಿಟಾರಿನ ಒಂದೊಂದು ಸ್ವರ ಹಿಡಿದು ಎಳೆಯೂದು ಕೇಳಿದ್ರ ನಮ್ಮ ಮೀಂಡ್ ನೆನಪಾಗ್ತದ.

ಇನ್ನ ಗದ್ದಲ. ಕಾರ್ಲೋಸ್ ಸಾಂಟಾನಾ ಮೆಕ್ಸಿಕೋದಾಗ ಹುಟ್ಟಿದಾಂವ. ಅವರಪ್ಪ ಮಾರಿಯಾಚಿ ಮ್ಯಾಳದಾಗ ಪಿಟೀಲು ಬಾರಸ್ತಿದ್ರು. ಬ್ಯಾಂಡ್ ಕಟ್ಟಿದ್ದು ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಾಗ. 'ಓಯೆ ಕೋಮೋ ವಾ' ನ್ಯೂಯಾರ್ಕಿನ ಟೀಟೋ ಪ್ವೆಂತೆಯವರ ಚಾ ಚಾ ಚಾ. 'ಬ್ಲ್ಯಾಕ್ ಮ್ಯಾಜಿಕ್ ವುಮನ್' ಬರೆದಾಂವ ಇಂಗ್ಲೆಂಡಿನ ಪೀಟರ್ ಗ್ರೀನ್. ಹಿಂಗ ಊರೂರಿಂದ ತಂದು, ಕಾಂಗಾ, ಟಿಂಬಾಲೆ ಬಾರಿಸಿ ತಮ್ಮದು ಮಾಡ್ಕೊಂಡ್ರು. ನಾವು ಮಾಡಿಲ್ಲೇನು? ಮೆಣಸಿನಕಾಯಿನೂ ಆ ಮೆಕ್ಸಿಕೋ ಕಡೆಯಿಂದನ ಬಂದದ್ದು. ಈಗ ಬ್ಯಾಡಗಿ ನಮ್ಮದು ಅಂತೀವಿ. ಅದನ್ನ ಬಿಟ್ಟು ನೀವು ಸಾರು ಮಾಡ್ತೀರೇನು?

ಎಲ್ಲಾ ಹಿಡಿಸ್ತು ಅನ್ನೂದಿಲ್ಲ. 'ಹೋಪ್ ಯೂ ಆರ್ ಫೀಲಿಂಗ್ ಬೆಟರ್' ಬಂದಾಗ ಆವಾಜ್ ಕಡಿಮಿ ಮಾಡಿದೆ.

ಆದ್ರ ಖರೇ ಜಗಳ ಬ್ಯಾರೇನ ಅದ. ನಮ್ಮ ಮನ್ಯಾಗ ಗಂಡಸರು ಆರಾಮ ಕುರ್ಚ್ಯಾಗ ಕೂತು, ಕಣ್ಣು ಮುಚ್ಚಿ ಹಾಡು ಕೇಳ್ತಾರ. ಅದಕ್ಕ ರಸಿಕರು ಅಂತಾರ. ನಾವು ಕೇಳೂದು ಒಲಿ ಮುಂದ, ಕುಕ್ಕರಿನ ಸೀಟಿ ನಡುವ. ಕೈ ಖಾಲಿ ಇಟ್ಟು ಕೂತ್ರ ಉದ್ಯೋಗ ಇಲ್ಲದಾಕಿ. ಈ ಕಾಯ್ದೆ ಗಂಡಸರಷ್ಟೇ ಮಾಡಿಲ್ಲ, ನಾವೂ ಒಬ್ಬರಿಗೊಬ್ಬರು ಹೇರ್ತೀವಿ. ನಾನೂ ಸೊಸಿಗೆ "ಹಾಡು ಕೇಳ್ಕೋತ ಒಂದೀಟು ಬಳ್ಳೊಳ್ಳಿ ಸುಲಿ" ಅಂದಾಕೀನ. ತಪ್ಪಾತು.

'ಸಾಂಬಾ ಪಾ ತಿ' ಬಂದಾಗ ಮೆಂತ್ಯೆ ಬಾಜೂ ಇಟ್ಟೆ. ಐವತ್ತು ದಾಟಿದ ಮ್ಯಾಲೆ ಮೊದಲ ಸಲ, ಕೈಯಾಗ ಏನೂ ಇಲ್ಲದ ಒಂದು ಹಾಡು ಪೂರ್ತಿ ಕೇಳಿದೆ. ಇಡೀ ಆಲ್ಬಮ್ ಸುಮಾರು 37 ನಿಮಿಷ. ಧಾರಾವಾಹಿ ನೋಡ್ಲಿಕ್ಕೆ ಇದಕ್ಕಿಂತ ಹೆಚ್ಚು ಕೊಡ್ತೀವಿ, ಆದ್ರ ಆವಾಗೂ ಮಡಿಲಾಗ ಅವರೀಕಾಯಿ ಇರ್ತಾವ!

ಅಂದ್ಹಂಗ ಪಲ್ಯೆ ಅವತ್ತು ತಡಾ ಆತು. ಯಾರೂ ಉಪಾಸ ಮಲಗಲಿಲ್ಲ.

ನಾಳೆ ಮೂರಕ್ಕ ಬರ್ರಿ ವೈನಿ. ಚಹಾ ಮೊದಲ ಮಾಡಿ ಥರ್ಮಾಸಿನ್ಯಾಗ ಇಟ್ಟಿರ್ತೀನಿ. ಹೆಣಿಕಿ ಚೀಲ ಮಾತ್ರ ಮನ್ಯಾಗ ಬಿಟ್ಟು ಬರ್ರಿ.