ಕಣಗಳು ಅವೇ, ಜೋಡಣೆ ಬೇರೆ

ಗ್ರಾಫೈಟೂ ವಜ್ರವೂ ಒಂದೇ ಇಂಗಾಲದ ಎರಡು ರೂಪಗಳೆಂಬುದನ್ನು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆಯುವನು. ಆದರೆ ಒಂದೇ ದ್ರವ್ಯವು ಎರಡು ಸ್ವಭಾವಗಳನ್ನು ತಳೆಯುವುದೇಕೆಂದು ಕೇಳುವವರು ವಿರಳ. ನ್ಯಾನೋ ಪದಾರ್ಥಗಳ ವಿಜ್ಞಾನವು ನಿಂತಿರುವುದು ಈ ಪ್ರಶ್ನೆಯ ಮೇಲೆಯೇ.

1985ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಕ್ರೋಟೋ, ಕರ್ಲ್, ಸ್ಮಾಲಿ ಮತ್ತು ಸಂಗಡಿಗರು ಗ್ರಾಫೈಟನ್ನು ಲೇಸರ್ ಕಿರಣದಿಂದ ಆವಿಯಾಗಿಸಿದಾಗ 60 ಪರಮಾಣುಗಳ ಗೋಳಾಕಾರದ ಅಣುವೊಂದು ಕಂಡುಬಂದಿತು. 12 ಪಂಚಕೋನ, 20 ಷಟ್ಕೋನಗಳಿಂದ ಹೆಣೆದ, ಕಾಲ್ಚೆಂಡನ್ನು ಹೋಲುವ ಈ ಅಣುವೇ ಫುಲರೀನ್. ಕ್ರೋಟೋ ಅವರನ್ನು ಅಲ್ಲಿಗೆ ಕರೆದೊಯ್ದುದು ಲಾಭದ ಆಸೆಯಲ್ಲ, ನಕ್ಷತ್ರಗಳ ಸುತ್ತಣ ಇಂಗಾಲದ ಸರಪಣಿಗಳನ್ನು ಅರಿಯುವ ಕುತೂಹಲ. ಆ ಮೂವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1990ರಲ್ಲಿ ಕ್ರೆಚ್ಮರ್, ಹಫ್‌ಮನ್ ಮೊದಲಾದವರು ಹೀಲಿಯಂ ಅನಿಲದಲ್ಲಿ ಗ್ರಾಫೈಟನ್ನು ಕಾಯಿಸಿ ಪಡೆದ ಮಸಿಯಿಂದಲೇ ಅದನ್ನು ಬೇರ್ಪಡಿಸಿ ಸ್ಫಟಿಕವಾಗಿಸಿದರು. ಆ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಫುಲರೀನಿನ ಅಧ್ಯಯನವನ್ನು ಕೈಗೊಂಡರು.

ಸಾಮಾನ್ಯ ಉಷ್ಣತೆಯಲ್ಲಿ ಬೆಳ್ಳಿಯ ಸ್ಫಟಿಕಕ್ಕೂ ಫುಲರೀನಿನ ಸ್ಫಟಿಕಕ್ಕೂ ಒಂದೇ ಬಗೆಯ ಜೋಡಣೆ. ಬೆಳ್ಳಿಯಲ್ಲಿ ಒಂದು ಪರಮಾಣು ಕುಳಿತ ಎಡೆಯಲ್ಲಿ ಇಲ್ಲಿ ಅರವತ್ತು ಪರಮಾಣುಗಳ ಒಂದು ಚೆಂಡು. ಬೆಳಕಿಗೆ ಒಡ್ಡಿದರೆ, ಇಲ್ಲವೆ ಒತ್ತಿ ಕಾಯಿಸಿದರೆ, ನೆರೆಯ ಚೆಂಡುಗಳು ಬೆಸೆದುಕೊಂಡು ಹೊಸ ಪದಾರ್ಥವಾಗುತ್ತವೆ. 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೊಠಡಿಯ ಉಷ್ಣತೆಯಲ್ಲಿಯೇ ಅತಿಶಯ ಒತ್ತಡಕ್ಕೆ ಸಿಕ್ಕ ಫುಲರೀನ್ ವಜ್ರವಾಯಿತು. ಬೆಳ್ಳಿಯು ನ್ಯಾನೋ ತಂತಿಯಾಗಿ ಬೆಳೆಯುವಾಗ ಐದು ಸ್ಫಟಿಕಗಳು ಒಂದೇ ಅಕ್ಷದ ಸುತ್ತ ಕೂಡುತ್ತವೆ. ಲೆಕ್ಕದಂತೆ ನಡುವೆ ಸುಮಾರು 7 ಡಿಗ್ರಿಯ ಬಿರುಕು ಉಳಿಯಬೇಕು. ಪರಮಾಣುಗಳ ಜಾಲವು ತುಸು ಬಾಗಿ ಅದನ್ನು ಮುಚ್ಚಿಕೊಳ್ಳುತ್ತದೆ. ಇಂಥ ತಂತಿಗಳ ಬಲೆಯಿಂದ ಬೆಳಕನ್ನೂ ವಿದ್ಯುತ್ತನ್ನೂ ಹಾಯಗೊಡುವ ಹಾಳೆಗಳು ಸಿದ್ಧವಾಗುತ್ತಿವೆ.

ಇದನ್ನರಿತು ಶಾಲೆಗಳು ‘ನ್ಯಾನೋ ಪ್ರಯೋಗಶಾಲೆ’ ಎಂಬ ಫಲಕವನ್ನು ತೂಗುಹಾಕಬೇಕಾಗಿಲ್ಲ. ಆ ತಂತಿಗಳು ಬೆಳೆಯುವುದು ಶಾಲೆಯ ಬೀರುವಿನಲ್ಲಿರುವ ಸಿಲ್ವರ್ ನೈಟ್ರೇಟಿನಿಂದಲೇ. ಅದರಿಂದ ಗಾಜಿನ ನಳಿಗೆಯೊಳಗೆ ಬೆಳ್ಳಿಯ ಕನ್ನಡಿ ಮೂಡಿಸುವ ಹಳೆಯ ಪ್ರಯೋಗವನ್ನು ವಿದ್ಯಾರ್ಥಿಯು ಅಧ್ಯಾಪಕರ ಸಮ್ಮುಖದಲ್ಲಿ ಸ್ವತಃ ಮಾಡಿದರೆ ಸಾಕು, ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಆದರೆ ಎಷ್ಟೋ ಕಡೆ ಆ ಪ್ರಯೋಗವು ನಡೆಯುವುದು ಜರ್ನಲಿನ ಪುಟಗಳಲ್ಲಿ ಮಾತ್ರ. ಲವಣ ದುಬಾರಿ, ಬೀರುವಿಗೆ ಬೀಗ. ಫಲಿತಾಂಶದ ಶೇಕಡಾ ಲೆಕ್ಕವೇ ಶಾಲೆಯ ಮಾನದಂಡವಾಗಿರುವಾಗ ಇದಕ್ಕೆ ಅಧ್ಯಾಪಕರನ್ನಷ್ಟೇ ದೂರುವುದು ನ್ಯಾಯವಲ್ಲ.

ದಾನಿಗಳ ಔದಾರ್ಯದಿಂದ ಕಟ್ಟಡಗಳು ಮೇಲೆದ್ದಿವೆ; ಅದು ಸ್ತುತ್ಯವೇ. ಆದರೆ ವರ್ಷವರ್ಷವೂ ಮುಗಿದುಹೋಗುವ ರಾಸಾಯನಿಕಗಳ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದುದರಿಂದಲೇ ಅವುಗಳಿಗೆ ದಾನಿಗಳು ದೊರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಒಂದು ಶಾಶ್ವತ ನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯನ್ನು ಪ್ರಯೋಗಗಳ ವೆಚ್ಚಕ್ಕೆಂದೇ ಮೀಸಲಿಡುವುದು ಉಚಿತ. ಅಧ್ಯಾಪಕರು ವಾರದಲ್ಲಿ ಒಂದು ಅವಧಿಯನ್ನಾದರೂ ಪರೀಕ್ಷೆಯ ಹಂಗಿಲ್ಲದ ಪ್ರಯೋಗಕ್ಕೆ ಬಿಟ್ಟುಕೊಡಲಿ.

ಹಣವೂ ಜನವೂ ಈಗ ಇರುವಷ್ಟೇ ಇರಲಿ, ಬದಲಾಗಬೇಕಾದುದು ಜೋಡಣೆ. ಬೀಗ ತೆರೆದ ಬೀರುವಿನಿಂದಲೇ ಅದು ಆರಂಭವಾಗಬಹುದು.