ಹತ್ತೊಂಬತ್ತು ದಿನ, ಒಂಬತ್ತು ಮನೆ

ಶಾಲೆ ಶುರುವಾಗಿ ಎರಡು ವಾರವಾಯಿತು. ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿ ಮುಗಿಯಿತೇ ಮಕ್ಕಳೇ? "ಬೇಸಿಗೆ ರಜೆಯಲ್ಲಿ ನಾನು ಏನು ಮಾಡಿದೆ" ಎಂಬ ಪ್ರಬಂಧವನ್ನೂ ಈಗಾಗಲೇ ಬರೆದಿರುತ್ತೀರಿ. 73 ವರ್ಷದ ನನಗೆ ಯಾವ ಮೇಷ್ಟ್ರೂ ಆ ಪ್ರಬಂಧ ಬರೆಯಲು ಹೇಳಿಲ್ಲ. ಆದರೂ ಈ ವಾರ ಅದನ್ನೇ ಬರೆಯುತ್ತೇನೆ. ಯಾಕೆಂದರೆ ಈ ಸಲ ನನಗೂ ನನ್ನ ಹೆಂಡತಿಗೂ ಹೇಳಿಕೊಳ್ಳುವಂಥ ರಜೆ ಸಿಕ್ಕಿತ್ತು.

ಇದು ಶುರುವಾದದ್ದು ಒಂದು ಬೇಸರದ ಸುದ್ದಿಯಿಂದ. ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದಲ್ಲಿದ್ದ ನನ್ನ ಕಾಲೇಜು ಗೆಳೆಯ ತೀರಿಕೊಂಡ. ನಾಲ್ಕು ವರ್ಷದಿಂದ ಅವನು ಫೋನು ಮಾಡಿದಾಗಲೆಲ್ಲ "ಯಾವಾಗ ಬರ್ತೀಯೋ?" ಅನ್ನುತ್ತಿದ್ದ. ನಾನು "ಮುಂದಿನ ವರ್ಷ ಖಂಡಿತ" ಅನ್ನುತ್ತಿದ್ದೆ. ಕೊನೆಗೆ ಹೋದದ್ದು ಅವನ ವೈಕುಂಠ ಸಮಾರಾಧನೆಗೆ. ಮೈಸೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ತುಂಬ ಹೊತ್ತು ಮಾತಾಡಲಿಲ್ಲ. ಕಡೂರು ದಾಟಿದ ಮೇಲೆ ಹೇಳಿದಳು: "ಇನ್ನು ಯಾರ ಮನೆಗೂ ಹದಿಮೂರನೇ ದಿನಕ್ಕೆ ಹೋಗೋದು ಬೇಡ ಅಂದ್ರೆ. ಅವರೂ ಇದ್ದಾಗ, ನಾವೂ ಇದ್ದಾಗ ಹೋಗಿಬಿಡೋಣ."

ಮನೆಗೆ ಬಂದವನೇ ಒಂದು ಉದ್ದ ನೋಟ್‌ಬುಕ್ಕು ತೆಗೆದುಕೊಂಡೆ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಗೆರೆ ಎಳೆಯದೆ ಯೋಚನೆಯೇ ಬರುವುದಿಲ್ಲ. ಎಡಗಡೆ ಹೆಸರು, ಬಲಗಡೆ "ಕೊನೆಯ ಸಲ ನೋಡಿದ್ದು ಯಾವಾಗ" ಎಂದು ಎರಡು ಕಾಲಂ ಹಾಕಿದೆ. ಬಲಗಡೆಯ ಕಾಲಂ ತುಂಬುತ್ತಾ ಹೋದಂತೆ ನನಗೇ ನಾಚಿಕೆಯಾಯಿತು. 6 ವರ್ಷ, 9 ವರ್ಷ, 14 ವರ್ಷ. ಒಂದು ಹೆಸರಿನ ಮುಂದೆ 41 ವರ್ಷ.

ನಮ್ಮ ಕಾರಿಗೆ ಹನ್ನೊಂದು ವರ್ಷ. ವಿದೇಶದಲ್ಲಿರುವ ಮಗ ಫೋನಿನಲ್ಲಿ ಕೂಗಾಡಿದ. "ಅಪ್ಪಾ, ಈ ವಯಸ್ಸಿನಲ್ಲಿ ಅಷ್ಟು ದೂರ ಡ್ರೈವ್ ಮಾಡೋದಾ? ಡ್ರೈವರ್ ಇಟ್ಕೊಳ್ಳಿ." ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದ್ದರಿಂದ ನಾವೇ ಕೆಲವು ನಿಯಮ ಮಾಡಿಕೊಂಡೆವು. ನನ್ನ ವಯಸ್ಸಿನ ಓದುಗರಿಗೆ ಉಪಯೋಗವಾಗಲಿ ಎಂದು ಬರೆಯುತ್ತೇನೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುವುದು, ಸಂಜೆ ಐದರೊಳಗೆ ತಲುಪುವುದು. ಕತ್ತಲಾದ ಮೇಲೆ ಚಕ್ರ ಉರುಳಬಾರದು. ಒಂದೂವರೆ ಗಂಟೆಗೊಮ್ಮೆ ಇಳಿದು ಕಾಲು ಆಡಿಸುವುದು. ಮಾತ್ರೆಗಳನ್ನು ಎರಡು ಪಾಲು ಮಾಡಿ ಒಂದನ್ನು ಕೈಚೀಲದಲ್ಲಿ, ಇನ್ನೊಂದನ್ನು ಪೆಟ್ಟಿಗೆಯಲ್ಲಿ ಇಡುವುದು. ಹೊರಡುವ ಮೊದಲು ಕಣ್ಣಿನ ಡಾಕ್ಟರರ ಹತ್ತಿರವೂ ಹೋಗಿ ಬಂದೆ. 55 ದಾಟಿದವರು 5 ವರ್ಷಕ್ಕೊಮ್ಮೆ ಲೈಸೆನ್ಸ್ ಹೊಸದು ಮಾಡಿಸಬೇಕು. ನನ್ನದು ಇನ್ನೂ ಚಾಲ್ತಿಯಲ್ಲಿತ್ತು. ಕೊನೆಯ ನಿಯಮ ಹೆಂಡತಿಯದು: ಅವಳ ಅಕ್ಕನ ಮನೆ ಬಿಟ್ಟು ಬೇರೆ ಎಲ್ಲೂ ಮೂರು ರಾತ್ರಿಗಿಂತ ಹೆಚ್ಚು ಉಳಿಯಬಾರದು.

ಮೇ ತಿಂಗಳ ಮೊದಲ ವಾರ ಹೊರಟೆವು. ಹಾಸನದಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದು ರಾತ್ರಿ. ಮರುದಿನ ಶಿವಮೊಗ್ಗ. ತೀರಿಕೊಂಡ ಗೆಳೆಯನ ಮನೆಗೇ ಹೋದೆವು. ಅವನ ಹೆಂಡತಿ ನಮ್ಮನ್ನು ನೋಡಿ ಮೊದಲು ಅತ್ತರು, ಆಮೇಲೆ ನಕ್ಕರು. "ಅವರು ಇದ್ದಿದ್ರೆ ಇಷ್ಟು ಹೊತ್ತಿಗೆ ನಿಮ್ಮನ್ನ ಬೈದು ಮುಗಿಸ್ತಿದ್ರು" ಅಂದರು. ಜಗಲಿಯಲ್ಲಿ ಅವನ ಕುರ್ಚಿ ಹಾಗೇ ಇತ್ತು. ನಾನು ಅದರ ಪಕ್ಕದ ಬೆಂಚಿನ ಮೇಲೆ ಕುಳಿತೆ.

ದಾರಿಯಲ್ಲಿ ಮಕ್ಕಳಂತೆ ಒಂದು ಆಟ ಆಡುತ್ತಿದ್ದೆವು. ನೀವೂ ಆಡಬಹುದು. ರಸ್ತೆ ಬದಿಯ ಮೈಲಿಗಲ್ಲುಗಳ ತಲೆಗೆ ಬಣ್ಣ ಬಳಿದಿರುತ್ತಾರಲ್ಲ, ನೋಡಿದ್ದೀರಾ? ಹಳದಿ ತಲೆಯಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಕಂಡರೆ ಹಳ್ಳಿಯ ರಸ್ತೆ. ಬಣ್ಣ ಬದಲಾದದ್ದನ್ನು ಮೊದಲು ಕಂಡವರಿಗೆ ಒಂದು ಪೆಪ್ಪರ್‌ಮಿಂಟು. ನನ್ನ ಕಣ್ಣು ಸ್ಟಿಯರಿಂಗ್ ಹಿಂದೆ ರಸ್ತೆಯ ಮೇಲೆಯೇ ಇರುತ್ತಿದ್ದುದರಿಂದ ಪೆಪ್ಪರ್‌ಮಿಂಟೆಲ್ಲ ಅವಳಿಗೇ ಹೋಯಿತು.

ಸಾಗರದ ಹತ್ತಿರ ನನ್ನ ಹೆಂಡತಿಯ ಅಕ್ಕನ ಮನೆ. ಕಾಲು ತೊಳೆದು ಒಳಗೆ ಬರುತ್ತಿದ್ದಂತೆ "ಆಸರಿಗೆ ಏನು ಬೇಕು?" ಎಂದು ಕೇಳಿ ಬೆಲ್ಲ, ನೀರು ಇಟ್ಟರು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಊಟಕ್ಕೆ ಅಪ್ಪೆಹುಳಿ, ತಂಬುಳಿ. ಇಲ್ಲಿ ನಾಲ್ಕು ರಾತ್ರಿ ಇದ್ದೆವು. ಅದಕ್ಕೆ ಕಾರಣವಿತ್ತು.

ನನ್ನ ಹೆಂಡತಿ ಹುಟ್ಟಿದ ಊರು ಈಗ ಭೂಪಟದಲ್ಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ, ಹಿನ್ನೀರಿನಲ್ಲಿ ಮುಳುಗಿದ ಎಷ್ಟೋ ಹಳ್ಳಿಗಳಲ್ಲಿ ಅದೂ ಒಂದು. ಆಗ ಅವಳಿಗೆ ಏಳು ವರ್ಷ. ಅಪ್ಪ, ಅಮ್ಮ, ಅಜ್ಜಿ, ಎರಡು ದನ, ಒಂದು ಕಡೆಗೋಲು ಕಂಬ ಎಲ್ಲವೂ ಒಂದೇ ಲಾರಿಯಲ್ಲಿ ಶಿವಮೊಗ್ಗದ ಕಡೆ ಬಂದವಂತೆ. ಮೇ ತಿಂಗಳ ಕೊನೆಗೆ ನೀರು ಇಳಿದಾಗ ಹಳೆಯ ಕುರುಹುಗಳು ಅಲ್ಲಲ್ಲಿ ಮೇಲೆ ಬರುತ್ತವೆ. ಲಿಂಗನಮಕ್ಕಿಗಿಂತ ಮೊದಲು ಅಲ್ಲೇ ಕಟ್ಟಿದ್ದ ಹಿರೇಭಾಸ್ಕರ ಎಂಬ ಹಳೆಯ ಅಣೆಕಟ್ಟು ಕೂಡ ಹೀಗೇ ನೀರೊಳಗೆ ಮುಳುಗಿದೆ. ಬೇಸಿಗೆಯಲ್ಲಿ ಅದನ್ನು ನೋಡಲು ಜನ ಹೋಗುತ್ತಾರೆ. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ ಕತೆ ಅದು.

ಅಕ್ಕ ತಂಗಿ ಇಬ್ಬರೂ, ಅಕ್ಕನ ಮೊಮ್ಮಗಳೂ, ನಾನೂ ಒಂದು ಬೆಳಿಗ್ಗೆ ನೀರಿನ ದಂಡೆಗೆ ಹೋದೆವು. ಒಣಗಿ ಬಿರಿದ ಕೆಸರು. ಅದರಲ್ಲಿ ಕಪ್ಪಗೆ ನಿಂತ ಮರದ ಬುಡಗಳು. ದೂರದಲ್ಲಿ ನೀರು. ಊರಿದ್ದ ಜಾಗ ಇನ್ನೂ ನೀರಿನಡಿಯೇ ಇತ್ತು. "ಅಗೋ ಆ ದಿಬ್ಬ ಇದೆಯಲ್ಲ, ಅದರ ಬಲಗಡೆ ನಮ್ಮ ಮನೆ" ಎಂದು ಅಕ್ಕ ಕೈ ತೋರಿದರು. "ಅಲ್ಲ, ಎಡಗಡೆ. ಬಲಗಡೆ ಇದ್ದದ್ದು ಶಾಲೆ" ಅಂದಳು ತಂಗಿ. ಅರವತ್ತು ವರ್ಷದ ಹಿಂದಿನ ಮನೆಗೆ ಇಬ್ಬರೂ ಹತ್ತು ನಿಮಿಷ ಜಗಳವಾಡಿದರು.

ಮೂರನೇ ಕ್ಲಾಸಿನ ಮೊಮ್ಮಗಳು ಕೇಳಿದಳು: "ಅಜ್ಜಿ, ಶಾಲೆ ಮುಳುಗಿದ ದಿನ ನಿಮಗೆ ರಜೆ ಕೊಟ್ರಾ?"

ಇಬ್ಬರೂ ಜಗಳ ಮರೆತು ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಹೆಂಡತಿ ಆ ಮಗುವಿಗೆ ಹೇಳಿದಳು: "ಆಗ ನಮ್ಮ ಮನೇಲಿ ಕರೆಂಟು ಇರಲಿಲ್ಲ ಪುಟ್ಟಿ. ಬುಡ್ಡಿ ದೀಪದಲ್ಲಿ ಓದ್ತಿದ್ವಿ. ಈ ನೀರಿನಿಂದ ಕರೆಂಟು ಮಾಡಿ ಎಲ್ಲರ ಮನೆಗೂ ಕೊಟ್ರು. ನೀನು ರಾತ್ರಿ ಸ್ವಿಚ್ ಹಾಕ್ತೀಯಲ್ಲ, ಅದರಲ್ಲಿ ನಮ್ಮನೇದೂ ಒಂಚೂರು ಇದೆ." ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆ ಲೆಕ್ಕ ನನಗೆ ಗೊತ್ತಿತ್ತು. ಅದರಲ್ಲಿ ನಮ್ಮ ಮನೆಯದೂ ಪಾಲಿದೆ ಎಂಬುದು ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಶಿರಸಿಯಲ್ಲಿ ಸೋದರಮಾವನ ಮಗ, ಹುಬ್ಬಳ್ಳಿಯಲ್ಲಿ ಷಡ್ಡಕ, ಧಾರವಾಡದಲ್ಲಿ ಹೆಂಡತಿಯ ಹಳೆಯ ಗೆಳತಿ. ಒಂದೊಂದು ಮನೆಯಲ್ಲಿ ಎರಡೆರಡು ರಾತ್ರಿ. ಧಾರವಾಡದಿಂದ ಹೊರಡುವಾಗ ಪೇಡೆಯ ಪೊಟ್ಟಣ, ಆಪೂಸು ಮಾವಿನ ಬುಟ್ಟಿ ಹಿಂದಿನ ಸೀಟಿನಲ್ಲಿ ನಮ್ಮ ಜೊತೆ ಪ್ರಯಾಣ ಮಾಡಿದವು. ಲೋಕಾಪುರ ದಾಟಿದ ಮೇಲೆ ಟೈರು ಪಂಕ್ಚರ್ ಆಯಿತು. ನನ್ನ ಮಂಡಿ ಬಗ್ಗುವುದಿಲ್ಲ. ಜಾಕು ಹಿಡಿದು ನಿಂತಿದ್ದೆ. ಟ್ರ್ಯಾಕ್ಟರಿನಲ್ಲಿ ಬಂದ ಇಬ್ಬರು ಹುಡುಗರು "ನೀವ್ ಸರೀರಿ ಅಜ್ಜಾರ" ಎಂದು ಹೇಳಿ ಕಾಲು ಗಂಟೆಯಲ್ಲಿ ಚಕ್ರ ಬದಲಿಸಿದರು. ದುಡ್ಡು ಮುಟ್ಟಲಿಲ್ಲ. ಪೇಡೆ ಮಾತ್ರ ತಿಂದರು.

ಇನ್ನು ಆ 41 ವರ್ಷದ ಹೆಸರಿನ ಬಗ್ಗೆ ಹೇಳಬೇಕು. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮಕ್ಕಳು ಓದುವ ಪತ್ರಿಕೆ. ದೊಡ್ಡವರ ತಪ್ಪು ಮಕ್ಕಳಿಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

1982. ಆಗ ಬಿಜಾಪುರ ಎನ್ನುತ್ತಿದ್ದ ವಿಜಯಪುರದ ಒಂದು ಶಾಖೆಯಲ್ಲಿ ನಾನು ಕ್ಯಾಶ್ ಕೌಂಟರಿನಲ್ಲಿದ್ದೆ. ಒಂದು ಸಂಜೆ ಲೆಕ್ಕ ತಾಳೆಯಾಗಲಿಲ್ಲ. 500 ರೂಪಾಯಿ ಕಡಿಮೆ. ಕಡಿಮೆ ಬಿದ್ದರೆ ಕ್ಯಾಶಿಯರೇ ಕೈಯಿಂದ ತುಂಬಬೇಕು. ಮೂರು ಸಲ ಎಣಿಸಿದೆ. ಬೆವರು ಬಂತು. ನೋಟಿನ ಕಟ್ಟುಗಳನ್ನು ಪೆಟ್ಟಿಗೆಗೆ ಎತ್ತಿಡುತ್ತಿದ್ದವರು ನಮ್ಮ ದಫ್ತರಿ, ನನಗಿಂತ ಎರಡು ವರ್ಷ ದೊಡ್ಡವರು. ಎಲ್ಲರ ಎದುರಿಗೆ ನಾನು ಅವರಿಗೆ ಹೇಳಿಬಿಟ್ಟೆ: "ಕಟ್ಟು ಮುಟ್ಟಿದವರು ನೀವೇ ಅಲ್ಲವೇ? ನಿಮ್ಮ ಜೇಬು ಒಮ್ಮೆ ನೋಡಿಕೊಳ್ಳಿ."

ಅವರು ಒಂದು ಮಾತೂ ಆಡದೆ ಎರಡೂ ಜೇಬುಗಳನ್ನು ಹೊರಗೆ ಎಳೆದು ತೋರಿಸಿದರು. ಒಂದು ಬಸ್ ಟಿಕೀಟು, ಸ್ವಲ್ಪ ಚಿಲ್ಲರೆ.

ಮರುದಿನ ಬೆಳಿಗ್ಗೆ ಇಂಡಿ ಕಡೆಯ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರು ಬಂದು ನೂರರ ಐದು ನೋಟು ಕೌಂಟರಿನ ಮೇಲಿಟ್ಟರು. ನಿನ್ನೆ ನಾನೇ ಹೆಚ್ಚು ಎಣಿಸಿ ಕೊಟ್ಟಿದ್ದೆ. ಕ್ಯಾಶ್ ತಾಳೆಯಾಯಿತು. ಆದರೆ ನಾನು ದಫ್ತರಿಯವರ ಹತ್ತಿರ ಹೋಗಿ "ತಪ್ಪಾಯಿತು" ಅನ್ನಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮರುವರ್ಷ ನನಗೆ ಟೈಫಾಯ್ಡ್ ಬಂದಾಗ ಹನ್ನೊಂದು ದಿನ ಅವರೇ ತಮ್ಮ ಮನೆಯಿಂದ ಗಂಜಿ ತಂದುಕೊಟ್ಟರು. ಆಗಲೂ ಹೇಳಲಿಲ್ಲ. ಆಮೇಲೆ ವರ್ಗವಾಯಿತು. ವರ್ಷಕ್ಕೊಂದು ಯುಗಾದಿ ಕಾಗದ, ಇತ್ತೀಚೆಗೆ ಫೋನು. ಆ ಮಾತು ಮಾತ್ರ ಹಾಗೇ ಬಾಕಿ ಉಳಿಯಿತು.

ವಿಜಯಪುರದ ಬಿಸಿಲಿನಲ್ಲಿ ಅವರ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. "ಬರ್ರಿ ಬರ್ರಿ, ಎಷ್ಟ ದಣದೀರಿ" ಎಂದು ಅವರ ಹೆಂಡತಿ ಮಜ್ಜಿಗೆ ಕೊಟ್ಟರು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಊಟವಾಯಿತು. ಸಂಜೆ ಕಟ್ಟೆಯ ಮೇಲೆ ಚಹಾ ಹಿಡಿದು ಕುಳಿತಾಗ, ನನ್ನ ಹೆಂಡತಿಯ ಎದುರಿಗೇ, ನಾನು ಆ ದಿನದ ವಿಷಯ ತೆಗೆದು "ನನ್ನಿಂದ ತಪ್ಪಾಗಿತ್ತು, ಕ್ಷಮಿಸಬೇಕು" ಅಂದೆ. ದನಿ ಸರಿಯಾಗಿ ಹೊರಡಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೆನಪಿಲ್ಲ ಅಂದ್ರ ಸುಳ್ಳ ಆಗತೈತಿ ಸಾಹೇಬ್ರ. ನೆನಪೈತಿ" ಅಂದರು. "ನಿಮಗೂ ನೆನಪೈತಲ್ಲ, ಅಷ್ಟ ಸಾಕು. ಚಾ ಆರಾಕತ್ತೈತಿ, ಕುಡೀರಿ."

ಮರುದಿನ ಅವರ ಮೊಮ್ಮಗನ ಜೊತೆ ಗೋಲಗುಂಬಜಿಗೆ ಹೋದೆವು. ಮುಹಮ್ಮದ್ ಆದಿಲ್ ಶಾಹನ ಗೋರಿ ಅದು, ಮುಗಿದದ್ದು 1656ರಲ್ಲಿ. ಗುಮ್ಮಟದ ಅಡ್ಡಳತೆ ಸುಮಾರು 44 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ನಾವಿಬ್ಬರು ಮುದುಕರು ಮೆಟ್ಟಿಲು ಹತ್ತದೆ ಹೊರಗೆ ನೆರಳಿನಲ್ಲಿ ಕುಳಿತೆವು. ಹುಡುಗ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿ ಇಳಿದು, ಏದುಸಿರು ಬಿಡುತ್ತಾ ಬಂದ. "ಅಜ್ಜಾ, ಒಂದ್ಸಲ ಅಂದ್ರ ಏಳ ಸಲ ಕೇಳಸ್ತೈತಿ! ನಾನ ಎಣಿಸೀನಿ!"

ದಫ್ತರಿಯವರು ನನ್ನ ಕಡೆ ನೋಡಿ ನಕ್ಕು ಅವನನ್ನು ಕೇಳಿದರು: "ಹಂಗಾರ ಛಲೋ ಮಾತ ಆಡಿ ಬಂದಿಯಿಲ್ಲೋ?"

ಮೂರು ರಾತ್ರಿಯಾದ ಮೇಲೆ ಅಲ್ಲಿಂದ ಹೊರಟೆವು. ಊರು ದಾಟುತ್ತಿದ್ದಂತೆ ನನ್ನ ಹೆಂಡತಿ ಕೇಳಿದಳು: "ಇಷ್ಟು ವರ್ಷ ಇದನ್ನ ನನಗೆ ಯಾಕೆ ಹೇಳಿರಲಿಲ್ಲ?" ನಾಚಿಕೆಯಾಗಿತ್ತು ಅಂದೆ. ಅವಳು ಒಂದು ಪೆಪ್ಪರ್‌ಮಿಂಟು ಬಿಚ್ಚಿ ನನ್ನ ಕೈಗಿಟ್ಟಳು. ಮೈಲಿಗಲ್ಲಿನ ಬಣ್ಣವೇನೂ ಬದಲಾಗಿರಲಿಲ್ಲ.

ಹೊಸಪೇಟೆಯಲ್ಲಿ ಎರಡು ರಾತ್ರಿ, ಚಿತ್ರದುರ್ಗದಲ್ಲಿ ಒಂದು ರಾತ್ರಿ, ಆಮೇಲೆ ಮೈಸೂರು. ಒಟ್ಟು 19 ದಿನ, 9 ಮನೆ. ಮನೆಗೆ ಬಂದು ನೋಟ್‌ಬುಕ್ಕಿನ ಬಲಗಡೆಯ ಕಾಲಮಿನಲ್ಲಿ ಹಳೆಯದನ್ನೆಲ್ಲ ಹೊಡೆದು "ಈ ವರ್ಷ" ಎಂದು ಬರೆದೆ. ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರು ಉಳಿದಿವೆ. ದಸರಾ ರಜೆಗೆ ಕರಾವಳಿ ಕಡೆ ಹೋಗಬೇಕು.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಮೊದಲನೆಯದು ಲೆಕ್ಕ: ಹೊರಡುವಾಗ ಕಾರಿನ ಮೀಟರು 48,215 ಕಿಲೋಮೀಟರ್ ತೋರಿಸುತ್ತಿತ್ತು, ಬಂದಾಗ 49,847. ಒಟ್ಟು 102 ಲೀಟರ್ ಪೆಟ್ರೋಲ್ ಖರ್ಚಾಯಿತು. ನಮ್ಮ ಮುದಿ ಕಾರು ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು? ಎರಡನೆಯದು: ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ "ನಿಮಗೆ ಯಾರನ್ನು ನೋಡಬೇಕು ಅನ್ನಿಸಿದೆ?" ಎಂದು ಕೇಳಿ. ಹೆಸರು ಹೇಳಿದರೆ ಅಪ್ಪನ ಫೋನು ತಂದು ಅವರ ಕೈಗೆ ಕೊಡಿ.

ಲೆಕ್ಕದ ಉತ್ತರ ಮುಂದಿನ ವಾರ.